ಬಾಯಿ ನೆಟ್ಟಗಾಯಿತೆಂದು ಸಕ್ಕರೆ ಹಂಚಿದರು

ಚಿಂಚೋಳಿ
12 ಜೂನ್ 2024

ಮತೀನನಿಗೆ ಸೂರ್ಯಕಾಂತನ ಶರಣು.

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗಳು ಭಾಗ್ಯಶ್ರೀಯ ಮದುವೆ ಮುಗಿದು ಇವತ್ತಿಗೆ ಐವತ್ತೆರಡು ದಿನ. ಅಷ್ಟರಲ್ಲಿ ಇಪ್ಪತ್ತು ಸಲವಾದರೂ ಫೋನ್ ಮಾಡಿದ್ದೇನೆ. ಮೊದಮೊದಲು ರಿಂಗಾದರೂ ಆಗುತ್ತಿತ್ತು, ಈಗ ಅದೂ ಇಲ್ಲ. ಶಹಾಬಾದದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತ ದಿನದಿಂದ ನಾವು ಬೇಕಾದಷ್ಟು ಜಗಳವಾಡಿದ್ದೇವೆ, ಆದರೆ ಮಾತು ಬಿಟ್ಟದ್ದಿಲ್ಲ.

ಬೀಗರು ಇನ್ನೂ ನಿನ್ನ ಕ್ಲಾರಿನೆಟ್ಟಿನ ಮಾತೇ ಆಡುತ್ತಾರೆ. ಹೆಣ್ಣು ಕಳಿಸುವ ಹೊತ್ತಿನಲ್ಲಿ ನೀನು ನುಡಿಸಿದ್ದಕ್ಕೆ ನಮ್ಮ ಬೀಗರು, ಅಂಥ ಒಣ ಮನುಷ್ಯ, ಟವೆಲ್ ತೆಗೆದು ಕಣ್ಣೊರೆಸಿಕೊಂಡರು. ಇದನ್ನು ನಿನಗೆ ಹೇಳಬೇಕೆಂದೇ ಫೋನ್ ಮಾಡುತ್ತಿದ್ದೆ.

ಮೊನ್ನೆ ನಿಮ್ಮ ಬ್ಯಾಂಡಿನ ಢೋಲಿನ ಅಬ್ರಾರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. "ಉಸ್ತಾದ್ ಹ್ಯಾಂಗ ಅದಾರಪಾ?" ಎಂದರೆ "ಮನ್ಯಾಗ ಅದಾರ್ರಿ" ಎಂದು ಮುಖ ಆ ಕಡೆ ತಿರುಗಿಸಿದ. ಅವನ ಆ ಮುಖ ನನಗೆ ಸರಿ ಅನಿಸಲಿಲ್ಲ.

ಮದುವೆಯ ಎರಡು ದಿನ ಮನೆ ತುಂಬ ಜನ. ಯಾರಿಗೆ ಎಲ್ಲಿ ಹಾಸಿದೆವು, ಯಾರು ಎಲ್ಲಿ ಉಂಡರು, ಒಂದೂ ನೆನಪಿಲ್ಲ. ನಿನಗೇನಾದರೂ ಅನಾನುಕೂಲ ಆಗಿದ್ದರೆ ಹೊಟ್ಟೆಗೆ ಹಾಕಿಕೋ. ಎರಡು ಸಾಲು ಬರೆ.

ನಿನ್ನ
ಸೂರ್ಯಕಾಂತ


ಶಹಾಬಾದ
20 ಜೂನ್ 2024

ಸೂರ್ಯಕಾಂತನಿಗೆ ಆದಾಬ್.

ನಿನಗೆ ನೆನಪಿಲ್ಲದಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ನನಗೆ ಹಾಸಿದ್ದು ನಿಮ್ಮ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ. ಎರಡು ಎಮ್ಮೆ, ಒಂದು ಕರು, ಆಮೇಲೆ ನಾನು. ಚಾಪೆ ಹಾಸಿದವನು ನೀನೇ. "ಇಲ್ಲಿ ಗಾಳಿ ಭಾಳ ಚೊಲೋ ಬರ್ತದ ಮತೀನ" ಎಂದವನೂ ನೀನೇ. ನನ್ನ ಬ್ಯಾಂಡಿನ ಹುಡುಗರು ಟೆಂಪೋದಲ್ಲಿ ಮಲಗಿದ್ದರು. ಗೆಳೆಯನ ಮನೆ ಇರುವಾಗ ಟೆಂಪೋ ಯಾಕೆ ಎಂದು ನಾನು ನಿನ್ನ ಹಿಂದೆ ಬಂದೆ. ತಪ್ಪು ನನ್ನದೇ.

ಇರಲಿ. ಮೊದಲ ತಿಂಗಳು ಫೋನ್ ಎತ್ತದ್ದಕ್ಕೆ ಅದು ಕಾರಣ. ಈಗ ಕಾರಣ ಬೇರೆ. ಈ ತಿಂಗಳ ಎಂಟನೇ ತಾರೀಖು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಎಳೆದಿದೆ, ಬಲಗಣ್ಣು ಮುಚ್ಚುತ್ತಿಲ್ಲ. ಲಕ್ವಾ. ಹೆಂಡತಿ ಸೈದಾನಬಿ ಅವತ್ತೇ ಕಿಟಕಿಗೆ ಗೋಣಿತಾಟು ಹೊಡೆದಳು. ಲಕ್ವಾ ಹೊಡೆದವರಿಗೆ ಗಾಳಿ ತಾಗಬಾರದು, ಬೆಳಕು ಬೀಳಬಾರದು ಎಂದು ನಮ್ಮ ಓಣಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ದಿನವೂ ಎರಡು ಹೊತ್ತು ಪಾರಿವಾಳದ ಸಾರು, ಶೇರ್ವಾ, ಕುಡಿಸುತ್ತಾಳೆ. ವಾಡಿಯಿಂದ ಒಬ್ಬ ಔಷಧಿಯವನು ಬಂದು ಪಾರಿವಾಳದ ರಕ್ತ ಕಾಯಿಸಿದ ಎಣ್ಣೆ ಮುಖಕ್ಕೆ ತಿಕ್ಕಿ ಹೋಗುತ್ತಾನೆ. ಓಣಿಯ ಪಾರಿವಾಳಗಳು ಈಗ ನಮ್ಮ ಮಾಳಿಗೆಯ ಮೇಲೆ ಕೂರುವುದನ್ನೇ ಬಿಟ್ಟಿವೆ.

ಮಾತಾಡಿದರೆ ಅರ್ಧ ಮಾತು ಗಾಳಿಯಾಗಿ ಹೋಗುತ್ತದೆ. ಹಾಗೆ ಯಾರೊಡನೆ ಫೋನಿನಲ್ಲಿ ಮಾತಾಡಲಿ? ಅದೂ ಹೋಗಲಿ ಎಂದರೆ ಕ್ಲಾರಿನೆಟ್ಟೂ ಹೋಯಿತು. ಬಾಯಿಗೆ ಇಟ್ಟರೆ ರೀಡಿನ ಬಲಬದಿಯಿಂದ ಗಾಳಿ ಸೋರಿ ಬೆಕ್ಕು ಅತ್ತಂತೆ ಕೇಳುತ್ತದೆ. ಹದಿನಾಲ್ಕನೇ ವಯಸ್ಸಿನಿಂದ ಊದಿದವನು ನಾನು, ಬೇರೆ ಕೆಲಸ ಕಲಿತಿಲ್ಲ. ದೀಪಾವಳಿ ಮುಗಿದ ಮೇಲೆ ನಾಲವಾರ, ದಂಡೋತಿ, ಕುರಕುಂಟಾ, ಮೂರು ಊರಿನ ಲಗ್ನ ಒಪ್ಪಿಕೊಂಡಿದ್ದೇನೆ. ಊದಲಾರದ ಬ್ಯಾಂಡ್ ಮಾಸ್ತರ ಯಾರಿಗೆ ಬೇಕು, ನೀನೇ ಹೇಳು.

ಒಂದು ಕೆಲಸ ನಿನ್ನಿಂದ ಆಗಬೇಕು. ಮದುವೆಗೆ ಹೊರಟಾಗ ಸೈದಾನಬಿ ಹಾಸಿಗೆ ಕಟ್ಟಿ ಕೊಟ್ಟಿದ್ದಳು. "ಅವರು ನಿಮಗ ಒಳಗ ಜಾಗಾ ಕೊಡಲ್ಲ, ಒಯ್ರಿ" ಎಂದಳು. ನನ್ನ ಗೆಳೆಯ ಅಂಥವನಲ್ಲ ಎಂದು ಜಗಳ ಮಾಡಿ ಹಾಸಿಗೆ ಬಿಟ್ಟು ಬಂದಿದ್ದೆ. ಮನೆಗೆ ತಿರುಗಿ ಬಂದ ಮೇಲೆ ಅವಳಿಗೆ, ನಡುಮನೆಯಲ್ಲಿ ಕೂಲರಿನ ಮುಂದೆ ಮಂಚ ಹಾಕಿಕೊಟ್ಟಿದ್ದರು ಎಂದು ಹೇಳಿದ್ದೇನೆ. ಅವಳು ಎಂದಾದರೂ ಕೇಳಿದರೆ ಹೌದು ಅನ್ನು. ನಿನ್ನ ಮರ್ಯಾದೆಗಾಗಿ ಅಲ್ಲ, ನನ್ನದಕ್ಕಾಗಿ.

ಮತೀನ


ಚಿಂಚೋಳಿ
26 ಜೂನ್ 2024

ಮತೀನ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಏನೂ ಹೇಳುವ ಮೊದಲೇ ನಾನು "ಯಾರಿಗೆ ಎಲ್ಲಿ ಹಾಸಿದೆವು ನೆನಪಿಲ್ಲ" ಎಂದು ಬರೆದೆನಲ್ಲ, ಅದು ಸುಳ್ಳು. ನೆನಪಿದೆ. ಚಾಪೆ ಯಾವುದು, ಅದರ ಅಂಚು ಎಲ್ಲಿ ಹರಿದಿತ್ತು ಎನ್ನುವುದೂ ನೆನಪಿದೆ.

ನಡೆದದ್ದು ಹೀಗೆ. ನಡುಮನೆಯಲ್ಲಿ ನಿನಗೆ ಮಂಚ ಹಾಕಿಸುತ್ತಿದ್ದೆ. ನಮ್ಮ ಮಡಿವಾಳಯ್ಯ ಕಾಕಾ ಬಂದು, "ಸೂರ್ಯಾ, ದೋಸ್ತಿ ಹೊಸ್ತಿಲ ಹೊರಗ ಇರ್ಲಿ. ಬೀಗರ ಮಂದಿ ನೋಡ್ಲಿಕತ್ತಾರ" ಎಂದರು. ಅವರಿಗೆ ಎಂಬತ್ತು ವರ್ಷ, ತಂದೆ ಸತ್ತ ಮೇಲೆ ನನ್ನನ್ನು ಓದಿಸಿದವರು. ಎದುರಾಡಲಿಲ್ಲ. ಬಸವಣ್ಣನ ಫೋಟೋ ಅದೇ ಗೋಡೆಯ ಮೇಲಿದೆ. ಅದರ ಕೆಳಗೆ ನಿಂತು ನಾನು ಹೂಂ ಎಂದೆ, ಆಮೇಲೆ ನಿನ್ನ ಹತ್ತಿರ ಬಂದು ಗಾಳಿಯ ಕಥೆ ಹೇಳಿದೆ. ಕಾಕಾ ಹೇಳಿದ್ದು ಅವರ ತಪ್ಪು, ಕೇಳಿದ್ದು ನನ್ನದು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಸೈದಾನಬಿ ಭಾಬಿ ಕೇಳಿದರೆ ನೀನು ಹೇಳಿದಂತೆಯೇ ಹೇಳುತ್ತೇನೆ. ಆದರೆ ನನ್ನದೂ ಒಂದು ಮಾತು ಕೇಳು. ಆ ಗೋಣಿತಾಟು ಕಿತ್ತು ಹಾಕಿ ಕಲಬುರಗಿಯಲ್ಲಿ ನರದ ಡಾಕ್ಟರಿಗೆ ತೋರಿಸು. ದನಕ್ಕೆ ಸೂಜಿ ಚುಚ್ಚುವವನ ಮಾತು ಎಂದು ತಳ್ಳಬೇಡ. ಇಪ್ಪತ್ತೆಂಟು ವರ್ಷ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೇನೆ, ಪಾರಿವಾಳ ತಿಂದು ಗುಣವಾದ ಪ್ರಾಣಿ ಎಂದರೆ ಬೆಕ್ಕು ಒಂದೇ.

ಸೂರ್ಯಕಾಂತ


ಶಹಾಬಾದ
7 ಜುಲೈ 2024

ಸೂರ್ಯಕಾಂತ,

ನಿನ್ನ ಡಾಕ್ಟರು ಬೇಕಾಗಲಿಲ್ಲ. ನಿನ್ನೆ ಬೆಳಿಗ್ಗೆ ಎದ್ದಾಗ ಬಾಯಿ ನೆಟ್ಟಗಿತ್ತು.

ಮೊದಲು ನೋಡಿದವಳು ಮಗಳು ನಾಜಿಯಾ. "ಅಮ್ಮಿ, ಅಬ್ಬಾನ ಬಾಯಿ ನೋಡ್ರಿ" ಎಂದು ಕೂಗಿದಳು. ಸೈದಾನಬಿ ಸ್ಕೇಲ್ ಹಿಡಿಯುವುದೊಂದು ಬಾಕಿ, ಅಷ್ಟು ಹತ್ತಿರದಿಂದ ನೋಡಿ, ಮೂಗಿನ ನೇರಕ್ಕೆ ಇದೆ ಎಂದು ಅತ್ತಳು. ಓಣಿಗೆಲ್ಲ ಸಕ್ಕರೆ ಹಂಚಿದರು. ವಾಡಿಯವನಿಗೆ ಶಾಲು ಹೊದಿಸಿದರು. ಅವನು ಶಾಲು ಸರಿಮಾಡಿಕೊಂಡು, "ಇಪ್ಪತ್ತೆಂಟು ದಿನದಾಗ ಸೀದಾ ಮಾಡೀನಿ, ಇನ್ನ ಹನ್ನೆರಡು ದಿನ ಶೇರ್ವಾ ಬಿಡಬ್ಯಾಡ್ರಿ" ಎಂದ. ನಿನ್ನ ಬೆಕ್ಕಿನ ಮಾತು ಅವನಿಗೆ ಹೇಳಬೇಕೆಂದಿದ್ದೆ, ನಾಲಿಗೆ ಸಾಲಲಿಲ್ಲ.

ಎಲ್ಲವೂ ಸರಿಹೋಗಿದೆ ಎನ್ನಲಾರೆ. ಈಗ ಎಡಗಣ್ಣೂ ಮುಚ್ಚುವುದಿಲ್ಲ. ನಿದ್ದೆಯಲ್ಲೂ ಎರಡು ಕಣ್ಣು ಅರ್ಧ ತೆರೆದೇ ಇರುತ್ತವಂತೆ. ಚಹಾ ಕುಡಿದರೆ ಮೊದಲು ಒಂದು ಕಡೆಯಿಂದ ಸೋರುತ್ತಿತ್ತು, ಈಗ ಎರಡೂ ಕಡೆಯಿಂದ. ಕ್ಲಾರಿನೆಟ್ಟು ಮೊದಲು ಬೆಕ್ಕಿನಂತಾದರೂ ಅಳುತ್ತಿತ್ತು, ಈಗ ಬರೀ ಉಸಿರು ಬರುತ್ತದೆ. ಹಣೆಯ ಗೆರೆಗಳು ಒಂದೂ ಉಳಿದಿಲ್ಲ, ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತೇನೆ ಎಂದು ಸೈದಾನಬಿ ಹೇಳುತ್ತಾಳೆ. ಬೆನ್ನಿನಿಂದ ಎದೆಯವರೆಗೆ ಪಟ್ಟಿ ಕಟ್ಟಿದಂತೆ ಉರಿ, ಮಲಗಲು ಬಿಡುವುದಿಲ್ಲ. ಕುತ್ತಿಗೆ ಬಗ್ಗುವುದಿಲ್ಲ. ಗೋಣಿತಾಟಿನ ಕತ್ತಲಲ್ಲಿ ಒಂದು ತಿಂಗಳು ಮಲಗಿದರೆ ಇನ್ನೇನಾದೀತು ಎಂದುಕೊಂಡಿದ್ದೇನೆ.

ಆದರೂ ಬಾಯಿ ನೆಟ್ಟಗಾಗಿದೆ. ಉಳಿದದ್ದೂ ಬರುತ್ತದೆ.

ಮತೀನ


ಚಿಂಚೋಳಿ
10 ಜುಲೈ 2024

ಪ್ರೀತಿಯ ಮತೀನ,

ಈ ಕಾಗದ ಕೈಸೇರಿದ ದಿನವೇ ಕಲಬುರಗಿಗೆ ಹೊರಡು. ಉಳಿದದ್ದು ದಾರಿಯಲ್ಲಿ ಓದು.

ಸಕ್ಕರೆ ಹಂಚಿದ್ದು ಓದಿ ಖುಷಿಪಟ್ಟು ಹೆಂಡತಿಗೂ ಓದಿ ಹೇಳಿದೆ. ಹಣೆಯ ಗೆರೆ ಹೋಗಿದೆ ಎಂದಲ್ಲಿ ಬಂದು ನಿಂತೆ. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಬಿದ್ದರೆ ಕೋಲು ವಾಲುತ್ತದೆ. ಇನ್ನೊಂದು ತಟ್ಟೆಗೂ ಅಷ್ಟೇ ಕಲ್ಲು ಬಿದ್ದರೆ ನೆಟ್ಟಗಾಗುತ್ತದೆ. ಮತೀನ, ನಿನ್ನ ಬಲಗಡೆ ಸರಿಹೋಗಿಲ್ಲ. ಎಡಗಡೆಯೂ ಬಿದ್ದಿದೆ. ಅದಕ್ಕೇ ಬಾಯಿ ಮಧ್ಯಕ್ಕೆ ಬಂದಿದೆ.

ನಮ್ಮ ಆಸ್ಪತ್ರೆಯ ಡಾಕ್ಟರ್ ಮೇಡಂಗೆ ನಿನ್ನ ಕಾಗದ ತೋರಿಸಿದೆ, ಕ್ಷಮಿಸು. ಓದಿ, "ಎರಡೂ ಕಡೆ ಬಿತ್ತಂದ್ರ ಅದು ಸಾದಾ ಲಕ್ವಾ ಇರ್ಲಿಕ್ಕಿಲ್ರಿ. ಅವರಿಗಿ ಉಣ್ಣಿ ಏನರ ಕಡದಿತ್ತೇನು ಕೇಳ್ರಿ" ಎಂದರು. ದನದ ಮೈಮೇಲಿನ ಉಣ್ಣಿ, ಅಡವಿಯ ಹುಲ್ಲಿನಲ್ಲಿರುವ ಉಣ್ಣಿ, ಕೆಲವದರಲ್ಲಿ ಒಂದು ಕ್ರಿಮಿ ಇರುತ್ತದಂತೆ. ಕಚ್ಚಿದ ಜಾಗದಲ್ಲಿ ಕೆಂಪು ಬಳೆಯಂತೆ ಎದ್ದು ಹೋಗುತ್ತದಂತೆ. ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ನರಗಳನ್ನು ಹಿಡಿಯುತ್ತದಂತೆ. ಮುಖ ಬೀಳುತ್ತದೆ, ಬೆನ್ನು ಉರಿಯುತ್ತದೆ, ಕುತ್ತಿಗೆ ಬಿಗಿಯುತ್ತದೆ. ಲೈಮ್ ರೋಗ ಎನ್ನುತ್ತಾರೆ. ನಮ್ಮ ಕಡೆ ತೀರ ಅಪರೂಪ, ಅದಕ್ಕೇ ಯಾರೂ ಅದನ್ನು ಹುಡುಕುವುದಿಲ್ಲ. ಹುಡುಕಿದರೆ ಅದಕ್ಕೆ ಔಷಧ ಇದೆ. "ನಾ ದನದ ಡಾಕ್ಟರ್, ಇದೇ ಅಂತ ಹೇಳಾಕ ಬರಲ್ಲ. ಖರೇ ಅವರು ಎಲ್ಲಿ ಮಕ್ಕೊಂಡಿದ್ರು ಅಂತ ನರದ ಡಾಕ್ಟರಿಗಿ ಗೊತ್ತಾಗಲೇಬೇಕು" ಎಂದು ಎರಡು ಸಲ ಹೇಳಿದರು.

ನಮ್ಮ ಎಮ್ಮೆಗಳು ದಿನಾ ಅಡವಿಗೆ ಹೋಗಿ ಬರುತ್ತವೆ. ಮದುವೆಯ ಗದ್ದಲದಲ್ಲಿ ಆ ತಿಂಗಳು ಕೊಟ್ಟಿಗೆಗೆ ಉಣ್ಣಿ ಔಷಧ ಹೊಡೆದಿರಲಿಲ್ಲ. ತಾಲ್ಲೂಕಿನ ದನಗಳಿಗೆಲ್ಲ ಹೊಡೆಯುವವನು ನಾನು.

ಡಾಕ್ಟರಿಗೆ ಕೊಟ್ಟಿಗೆಯ ವಿಷಯ ಹೇಳು. ಮಿಕ್ಕಿದ್ದೆಲ್ಲ ಆಮೇಲೆ ನೋಡೋಣ.

ಸೂರ್ಯಕಾಂತ


ಕಲಬುರಗಿ
15 ಜುಲೈ 2024

ಸೂರ್ಯಕಾಂತ,

ನಾಜಿಯಾ ಎಳೆದುಕೊಂಡು ಬಂದು ಇಲ್ಲಿ ಸೇರಿಸಿದ್ದಾಳೆ. ಇದನ್ನು ಅಬ್ರಾರನ ಕೈಯಲ್ಲಿ ಕಳಿಸುತ್ತಿದ್ದೇನೆ.

ಬಳೆ ಎದ್ದಿತ್ತು. ಮದುವೆಯಾಗಿ ಎರಡು ವಾರಕ್ಕೆ, ತೊಡೆಯ ಹಿಂದೆ, ಅಂಗೈಗಿಂತ ಅಗಲ. ಗಜಕರ್ಣ ಎಂದು ತಿಳಿದು ಮುಲಾಮು ಹಚ್ಚಿದೆ, ಹೋಯಿತು. ಆದರೆ ಉಣ್ಣಿ ಕಚ್ಚಿದರೆ ಮುಖ ಬೀಳುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಹಾಗಿದ್ದರೆ ದನ ಕಾಯುವವರೆಲ್ಲ ಇಷ್ಟು ಹೊತ್ತಿಗೆ ಸೊಟ್ಟ ಬಾಯಿಯವರಾಗಬೇಕಿತ್ತು.

ಡಾಕ್ಟರು ಮೂವತ್ತು ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ, ಕಿವಿ ಸೋರುತ್ತದೆಯೇ ಎನ್ನುವುದರ ನಡುವೆ, "ಅಡವಿ ಕಡೆ ಹೋಗಿದ್ರೇನು? ದನದ ಹತ್ರ ಮಕ್ಕೊಂಡಿದ್ರೇನು?" ಎಂದೂ ಕೇಳಿದರು. ಸೈದಾನಬಿ ಪಕ್ಕದಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಎಂದು ತಲೆಯಾಡಿಸಿದೆ. ಅವಳೂ ಏನೂ ಹೇಳಲಿಲ್ಲ. ಡಾಕ್ಟರು ಬರೆದುಕೊಂಡು ಮುಂದಿನದಕ್ಕೆ ಹೋದರು.

ಮೂವತ್ತು ವರ್ಷ ಅವಳ ಮುಂದೆ ನಿನ್ನನ್ನು ಹೊಗಳಿದ್ದೇನೆ. ಈಗ ಎಮ್ಮೆಗಳ ಜೊತೆ ಮಲಗಿಸಿದ್ದ ಎಂದು ಹೇಳಲೇ? ಅದಕ್ಕಿಂತ ಹೀಗೆ ಇರುವುದು ವಾಸಿ. ನೀನೂ ಬಾಯಿ ಮುಚ್ಚಿಕೊಂಡಿರು. ನಿನ್ನದು ಮುಚ್ಚುತ್ತದಲ್ಲ.

ಮತೀನ


ಚಿಂಚೋಳಿ
16 ಜುಲೈ 2024

ಸೈದಾನಬಿ ಭಾಬಿಯವರಿಗೆ ಸೂರ್ಯಕಾಂತನ ನಮಸ್ಕಾರಗಳು.

ಇದನ್ನು ನಾಜಿಯಾ ಓದಿ ಹೇಳಲಿ. ಫೋನಿನಲ್ಲಿ ಹೇಳಬೇಕೆಂದು ಮೂರು ಸಲ ನಂಬರ್ ಒತ್ತಿ ಮೂರು ಸಲವೂ ಕಟ್ ಮಾಡಿದೆ. ಹೇಳುವ ವಿಷಯಕ್ಕೆ ನನಗೆ ಬಾಯಿ ಇಲ್ಲ. ಕಲಬುರಗಿ ಬಸ್ಸಿನ ಕಂಡಕ್ಟರ್ ಅಶೋಕಕುಮಾರ ನಮ್ಮವನು, ಇವತ್ತೇ ನಿಮ್ಮ ಕೈಗೆ ಮುಟ್ಟಿಸುತ್ತಾನೆ.

ನನ್ನ ಮಗಳ ಮದುವೆಯಲ್ಲಿ ಮತೀನ ನಡುಮನೆಯಲ್ಲಿ ಮಲಗಲಿಲ್ಲ. ಮಂಚವೂ ಇರಲಿಲ್ಲ, ಕೂಲರೂ ಇರಲಿಲ್ಲ. ಎರಡು ರಾತ್ರಿ ಅವನು ನಮ್ಮ ದನದ ಕೊಟ್ಟಿಗೆಯಲ್ಲಿ, ಎಮ್ಮೆಗಳಿಂದ ನಾಲ್ಕು ಮೊಳ ದೂರದಲ್ಲಿ, ನೆಲದ ಮೇಲೆ ಮಲಗಿದ್ದ. ಮಲಗಿಸಿದವನು ನಾನು. ಮನೆಯ ಹಿರಿಯರು ಹೇಳಿದರು, ನಾನು ಕೇಳಿದೆ. ಇಂಥ ಮನೆಗೆ ಹೋಗಿ ಅವನು ನಿಮ್ಮ ಮುಂದೆ ನನ್ನ ಮಾನ ಕಾಪಾಡಿದ. ನಿಮಗೆ ಹೇಳಬಾರದು ಎಂದು ನನ್ನಿಂದ ಮಾತನ್ನೂ ತೆಗೆದುಕೊಂಡ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ.

ಆ ಕೊಟ್ಟಿಗೆಯಲ್ಲಿ ಉಣ್ಣಿಗಳಿದ್ದವು. ನಮ್ಮ ದನಗಳು ಅಡವಿಯಲ್ಲಿ ಮೇಯುತ್ತವೆ. ಎರಡು ವಾರದ ಮೇಲೆ ಮತೀನನ ತೊಡೆಯ ಹಿಂದೆ ಕೆಂಪು ಬಳೆಯಂಥ ಗುರುತು ಎದ್ದಿತ್ತು, ಅವನೇ ನನಗೆ ಬರೆದಿದ್ದಾನೆ. ಇದಿಷ್ಟನ್ನು, ಈ ಕಾಗದವನ್ನೇ, ಡಾಕ್ಟರಿಗೆ ಕೊಡಿ. ಅವರು ಕೇಳಿದ್ದಕ್ಕೆ ಅವನು ಇಲ್ಲ ಎಂದಿದ್ದಾನೆ. ಹೌದು ಎಂದು ನಾನು ಬರೆದು ಸಹಿ ಮಾಡುತ್ತಿದ್ದೇನೆ.

ನೀವು ನನ್ನನ್ನು ಏನು ಅಂದರೂ ಅದು ಸರಿಯೇ. ಅವನನ್ನು ಏನೂ ಅನ್ನಬೇಡಿ.

ಸೂರ್ಯಕಾಂತ ಹಿರೇಮಠ
ಪಶು ಪರೀಕ್ಷಕ


ಕಲಬುರಗಿ
22 ಜುಲೈ 2024

ಸೂರ್ಯಕಾಂತ ಕಾಕಾಗೆ ನಾಜಿಯಾ ಮಾಡುವ ಸಲಾಮ್.

ನಿಮ್ಮ ಕಾಗದವನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಮ್ಮಿಗೆ ಓದಿ ಹೇಳಿದೆ. ಮುಗಿದ ಕೂಡಲೇ ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಸೀದಾ ಡಾಕ್ಟರ ಕೋಣೆಗೆ ನಡೆದರು. ಹೊರಗೆ ಸಾಲು ಇತ್ತು, ಯಾರನ್ನೂ ಕೇಳಲಿಲ್ಲ. ಡಾಕ್ಟರು ಎರಡು ಸಲ ಓದಿ ಅಬ್ಬಾನ ಫೈಲಿನೊಳಗೆ ಇಟ್ಟರು. "ಇದು ಮೊದಲೇ ಗೊತ್ತಿದ್ರ ಐದು ದಿನ ಉಳೀತಿತ್ತು" ಎಂದರು.

ಆ ದಿನವೇ ಬೆನ್ನಿನಿಂದ ನೀರು ತೆಗೆಯಬೇಕು ಎಂದರು. ಸೇಡಂನಿಂದ ಅಮ್ಮಿಯ ಅಕ್ಕ ಇಮಾಮ್ಬೀ ಖಾಲಾ ಬಂದಿದ್ದರು. "ಬೆನ್ನಾಗಿನ ನೀರು ತೆಗದ್ರ ಕಾಲು ಹೋಗ್ತಾವ, ಸಹಿ ಮಾಡಬ್ಯಾಡ" ಎಂದು ಅಮ್ಮಿಯ ಕೈ ಹಿಡಿದರು. ಅಮ್ಮಿ ಅವರ ಕೈ ಬಿಡಿಸಿ ಸಹಿ ಮಾಡಿದರು. ಅಬ್ಬಾ ಮರುದಿನ ತಾವೇ ನಡೆದು ಬಾಥ್‌ರೂಮಿಗೆ ಹೋದಾಗ ಖಾಲಾ ಹೊದಿಕೆ ಮುಖದ ಮೇಲೆ ಎಳೆದುಕೊಂಡು ಮಲಗಿದರು.

ಆ ನೀರಿನಲ್ಲಿ ನರಗಳಿಗೆ ಊತ ಇರುವ ಗುರುತು ಸಿಕ್ಕಿದೆ. ರಕ್ತವನ್ನೂ ಆ ನೀರನ್ನೂ ಬೆಂಗಳೂರಿಗೆ ಕಳಿಸಿದ್ದಾರೆ. ವರದಿ ಬರುವ ತನಕ ಕಾಯುವುದಿಲ್ಲ ಎಂದು ಇಪ್ಪತ್ತನೇ ತಾರೀಖಿನಿಂದ ರಕ್ತನಾಳಕ್ಕೆ ಇಂಜೆಕ್ಷನ್ ಶುರು ಮಾಡಿದ್ದಾರೆ. ದಿನಕ್ಕೊಂದು, ಇಪ್ಪತ್ತೊಂದು ದಿನ. ಇವತ್ತು ಮೂರನೆಯದು. ಬೆನ್ನಿನ ಉರಿ ಇವತ್ತು ಸ್ವಲ್ಪ ಕಡಿಮೆ ಎಂದು ಅಬ್ಬಾ ಬೆರಳಿನಲ್ಲಿ ತೋರಿಸಿದರು. ಮುಖಕ್ಕೆ ಸಮಯ ಬೇಕು, ಆದರೆ ಬಹುಪಾಲು ಬರುತ್ತದೆ ಎಂದಿದ್ದಾರೆ ಡಾಕ್ಟರು.

ಇನ್ನು ಅಮ್ಮಿ ಹೇಳಿದ್ದನ್ನು ಹೇಳಿದಂತೆಯೇ ಬರೆ ಎಂದಿದ್ದಾರೆ, ಬರೆಯುತ್ತೇನೆ.

"ನಂಗ ಮೊದಲೇ ಗೊತ್ತಿತ್ತು. ಮದವಿಯಿಂದ ಬಂದ ಮ್ಯಾಲ ಅವರ ಅಂಗಿ ತೊಳದವಳು ನಾ. ಮೂರು ನೀರಿಗೂ ಸಗಣಿ ವಾಸನಿ ಹೋಗಲಿಲ್ಲ. ಕೂಲರ್ ಮುಂದ ಮಕ್ಕೊಂಡವರ ಅಂಗಿಗಿ ಸಗಣಿ ಎಲ್ಲಿಂದ ಬರ್ತದ? ಅವರು ಹೇಳಲಿಲ್ಲ, ನಾ ಕೇಳಲಿಲ್ಲ. ಕೇಳಿದ್ರ ಅವರು ನನ್ನ ಮುಂದ ಸಣ್ಣವರಾಗ್ತಿದ್ರು. ಡಾಕ್ಟರು ಕೇಳಿದಾಗೂ ಹಂಗೇ ಸುಮ್ಮನ ನಿಂತೆ. ಅದು ರೋಗದ ಮಾತು ಅಂತ ನಂಗೇನು ಗೊತ್ತು? ನಿಮ್ಮ ಮ್ಯಾಲ ಭಾಳ ಸಿಟ್ಟದ. ಖರೇ ನೀವು ಬರದಿರಿ, ಅದಕ್ಕ ದಾರಿ ಸಿಕ್ತು. ಸಿಟ್ಟು ಸಿಟ್ಟಿನ ಜಾಗಾದಾಗ ಇರ್ಲಿ, ನೀವು ಬಂದು ನೋಡಿ ಹೋಗ್ರಿ."

ಅಬ್ಬಾಗೆ ಇದನ್ನೆಲ್ಲ ಅಮ್ಮಿಯೇ ಹೇಳಿದ್ದಾರೆ. ನಾನು ಆಗ ಹೊರಗಿದ್ದೆ.

ನಾಜಿಯಾ


ಚಿಂಚೋಳಿ
2 ಆಗಸ್ಟ್ 2024

ಮತೀನ,

ಮೊನ್ನೆ ಆಸ್ಪತ್ರೆಗೆ ಬಂದು ಹೋದ ಮೇಲೆ ನಿನಗೆ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಇದೊಂದು ಬರೆದು ಮುಗಿಸುತ್ತೇನೆ.

ಬೆಂಗಳೂರಿನ ವರದಿಯಲ್ಲಿ ಅದೇ ರೋಗ ಎಂದು ಬಂತಲ್ಲ, ನಾಜಿಯಾ ಫೋನ್ ಮಾಡಿ ಹೇಳಿದಾಗ ಕೆಲಸದ ಮಧ್ಯೆ ಒಂದು ಎತ್ತಿನ ಕೊರಳು ಹಿಡಿದುಕೊಂಡು ಅತ್ತೆ. ಎತ್ತಿನ ಮಾಲೀಕ ತನ್ನ ಎತ್ತಿಗೆ ಏನೋ ಆಯಿತೆಂದು ಗಾಬರಿಯಾದ. ಗುಣವಾಗುವ ರೋಗ ಎಂದು ತಿಳಿದು ಎಷ್ಟು ಹಗುರವಾಯಿತು ಎಂದರೆ, ಆ ಧೈರ್ಯದ ಮೇಲೆಯೇ ನಿನ್ನನ್ನು ನೋಡಲು ಬಂದೆ.

ನೀನು ನನ್ನನ್ನು ಗೋಡೆ ನೋಡಿದಂತೆ ನೋಡಿದೆ. ಹತ್ತು ನಿಮಿಷ ಕೂತೆ, ಕ್ಷಮಿಸು ಎಂದೆ, ಕಾಕಾ ಮಾತು ಹೇಳಿದೆ. ನಿನ್ನ ಮುಖದಲ್ಲಿ ಒಂದು ಎಳೆಯೂ ಅಲುಗಲಿಲ್ಲ. ಆಮೇಲೆ ನೀನು ಆ ಕಡೆ ಹೊರಳಿ ಮಲಗಿದೆ. ಭಾಬಿ ಚಹಾ ಕೊಟ್ಟರು, ಬೈದರು, ಮತ್ತೆ ಬಿಸ್ಕೀಟು ಕೊಟ್ಟರು. ಅವರ ಬೈಗಳು ತಿಂದು ಮನಸ್ಸು ತಂಪಾಯಿತು. ನಿನ್ನ ಆ ನೋಟ ಮಾತ್ರ ಬಸ್ಸಿನಲ್ಲಿ ಚಿಂಚೋಳಿಯ ತನಕ ನನ್ನ ಜೊತೆಗೇ ಬಂತು.

ನಾನು ನಿನಗೆ ಮಾಡಿದ್ದಕ್ಕೆ ಅದು ಹೆಚ್ಚೇನಲ್ಲ. ಒಂದು ಮಾತ್ರ ತಿಳಿದಿರಲಿ. ಕಾಕಾಗೆ ಎಲ್ಲ ಹೇಳಿದ್ದೇನೆ, ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗಲೇ. ನನ್ನ ಹೂಂ ಎಂಬ ಒಂದು ಮಾತು ಒಬ್ಬನ ಮುಖ ತೆಗೆಯಿತು ಎಂದೆ. ಅವರು ಅರ್ಧಕ್ಕೇ ಕೈ ತೊಳೆದು ಎದ್ದರು. ಸಂಜೆ ಬಂದು, "ಆ ಮನಷ್ಯಾ ಈಗ ಹ್ಯಾಂಗ ಅದಾನ?" ಎಂದು ಕೇಳಿದರು. ದಿನಾ ಕೇಳುತ್ತಾರೆ.

ನಿನಗೆ ತೊಂದರೆ ಕೊಡುವುದಿಲ್ಲ, ಇನ್ನು ಬರೆಯುವುದಿಲ್ಲ. ಇಪ್ಪತ್ತೊಂದು ಇಂಜೆಕ್ಷನ್ನೂ ತಪ್ಪಿಸದೆ ತೆಗೆದುಕೋ.

ಸೂರ್ಯಕಾಂತ


ಶಹಾಬಾದ
22 ಸೆಪ್ಟೆಂಬರ್ 2024

ಸೂರ್ಯಾ,

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಊಟ ಚೆನ್ನಾಗಿ ಗೊತ್ತಿತ್ತು, ನಿನಗೆ ಮಾತು. ಇಬ್ಬರ ಗತಿಯೂ ನೋಡಿದೆಯಲ್ಲ.

ಇಪ್ಪತ್ತೊಂದು ಇಂಜೆಕ್ಷನ್ ಆಗಸ್ಟ್ ಒಂಬತ್ತಕ್ಕೆ ಮುಗಿದವು. ನಾಲ್ಕನೆಯದಕ್ಕೇ ಬೆನ್ನಿನ ಉರಿ ಹೋಗಿ, ಒಂದು ಮಧ್ಯಾಹ್ನ ಐದು ತಾಸು ನಿದ್ದೆ ಮಾಡಿದೆ. ನಾನು ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ಸೈದಾನಬಿ ಮೂಗಿನ ಹತ್ತಿರ ಕೈ ಇಟ್ಟು ನೋಡಿದಳಂತೆ. ಕುತ್ತಿಗೆ ಬಗ್ಗಿತು, ನಮಾಜಿಗೆ ಹಣೆ ನೆಲಕ್ಕೆ ಮುಟ್ಟಿತು. ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಡಾಕ್ಟರು ಇಷ್ಟೇ ಹೇಳಿದರು, "ಔಷಧ ಅದರ ಕೆಲಸ ಮುಗಿಸ್ಯದ. ಇನ್ನ ನರ ತಾನೇ ಚಿಗೀಬೇಕು." ಆಗಸ್ಟ್ ಕೊನೆಗೆ ಬಲಗಣ್ಣು ಮುಚ್ಚಿತು. ಅದಾದ ವಾರಕ್ಕೆ ಎಡಗಣ್ಣು. ಎರಡೂ ಕಣ್ಣು ಮುಚ್ಚಿ ಕತ್ತಲು ನೋಡುವುದು ಎಂಥ ಸುಖ ಎಂದು ನಿಮಗ್ಯಾರಿಗೂ ಗೊತ್ತಿಲ್ಲ. ಹಣೆಗೆ ಗೆರೆಗಳು ವಾಪಸು ಬಂದಿವೆ, ಮತ್ತೆ ಮುದುಕನಾಗಿದ್ದೇನೆ. ಚಹಾ ಈಗ ಹೋಗಬೇಕಾದ ಕಡೆಗೇ ಹೋಗುತ್ತದೆ.

ಕ್ಲಾರಿನೆಟ್ಟನ್ನು ಮೀಲಾದ್ ಮುಗಿದ ಮೇಲೆ ಕೈಗೆ ತೆಗೆದುಕೊಂಡೆ. ಮೊದಲ ದಿನ ಒಂದೇ ಸ್ವರ, ಅದೂ ಅಲುಗಾಡುತ್ತ. ಇವತ್ತು ಅರ್ಧ ತಾಸು ಊದಿದೆ. ಮೇಲಿನ ಸ್ವರಕ್ಕೆ ಹೋದರೆ ಎಡತುಟಿ ಇನ್ನೂ ನಡುಗುತ್ತದೆ, ತಿಂಗಳೆರಡು ಬೇಕಂತೆ. ಅಬ್ರಾರ ಬಾಗಿಲ ಹೊರಗೆ ಕೂತು ಕೇಳುತ್ತಿದ್ದ. ಮುಗಿದ ಮೇಲೆ ಒಳಗೆ ಬಂದು, "ಉಸ್ತಾದ್, ನಾಲವಾರದವರಿಗಿ ಬರ್ತೀವಂತ ಹೇಳ್ಲೇನ್ರಿ?" ಎಂದ. ಹೇಳು ಎಂದೆ. ಓಣಿಗೆ ಈ ಸಲ ಸಕ್ಕರೆ ಹಂಚಬಾರದು ಎಂದು ಸೈದಾನಬಿಗೆ ತಾಕೀತು ಮಾಡಿದ್ದೇನೆ. ಅವಳು ಗುಟ್ಟಾಗಿ ಹಂಚಿದ್ದಾಳೆ.

ಅವಳಿಗೆ ಮೊದಲೇ ಗೊತ್ತಿತ್ತು ಎಂದು ತಿಳಿದ ದಿನ ನನಗೆ ನಾಚಿಕೆಯಾಯಿತು, ಆಮೇಲೆ ಎಷ್ಟೋ ಹಗುರವಾಯಿತು. ಕೊಟ್ಟಿಗೆಯಲ್ಲಿ ಮಲಗಿದ್ದಕ್ಕಿಂತ ಅದನ್ನು ಬಚ್ಚಿಟ್ಟುಕೊಂಡು ತಿರುಗಿದ್ದೇ ಹೆಚ್ಚು ಭಾರವಾಗಿತ್ತು. ನೀನು ಮಾತು ಮುರಿದೆ, ಒಳ್ಳೆಯದು ಮಾಡಿದೆ. ನೀನು ಹೂಂ ಅಂದದ್ದರ ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ. ಅದನ್ನು ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎದುರಿಗೆ ಕೂತು ಜಗಳವಾಡಿ ಮುಗಿಸೋಣ. ಕಾಕಾಗೆ ಆ ಮನುಷ್ಯ ಚೆನ್ನಾಗಿದ್ದಾನೆ ಎಂದು ಹೇಳು.

ನಿನ್ನ ಆಗಸ್ಟಿನ ಕಾಗದಕ್ಕೆ ಏಳು ವಾರ ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ಬರೆದಿದ್ದರೆ, ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದು ನೀನು ಅಂದುಕೊಳ್ಳುತ್ತಿದ್ದೆ. ಅದಕ್ಕೇ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನೋಡುತ್ತಿದ್ದೆ. ನಿನ್ನೆ ನಗು ಬಂತು. ಇವತ್ತೂ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ನೀನು ವಾರ್ಡಿನ ಬಾಗಿಲಿಗೆ ಬಂದೆ. ಒಂದು ಕೈಯಲ್ಲಿ ಮೂಸಂಬಿ ಚೀಲ, ಇನ್ನೊಂದರಲ್ಲಿ ಚಪ್ಪಲಿ. ಆಸ್ಪತ್ರೆಯೊಳಗೆ ಚಪ್ಪಲಿ ಕಳಚಿ ಹಿಡಿದು ಬಂದವನು ನೀನೊಬ್ಬನೇ. ಯಾರದೋ ಮಂಚದ ಹತ್ತಿರ ಹೋಗಿ ಅವರಿಗೆ ಕ್ಷಮಿಸು ಎಂದು ಕೈಮುಗಿದು, ಅವರು ನಾನಲ್ಲ ಎಂದು ತಿಳಿದು ಈ ಕಡೆ ಓಡಿಬಂದೆ. ಮುಖ ಬಿದ್ದವನ ಮುಖ ನೋಡಿ ಸಿಟ್ಟಾಗಿದ್ದಾನೆ ಎಂದು ತೀರ್ಮಾನಿಸಿಕೊಂಡು ಹೋದೆಯಲ್ಲೋ, ತಕ್ಕಡಿಯ ಲೆಕ್ಕ ನನಗೆ ಕಲಿಸಿದವನು ನೀನೇ ಅಲ್ಲವೇ? ನಾನು ಆ ಕಡೆ ಹೊರಳಿದ್ದು ಕಣ್ಣಲ್ಲಿ ನೀರು ಬಂದದ್ದಕ್ಕೆ, ಕಣ್ಣು ಮುಚ್ಚಲು ಬರುತ್ತಿರಲಿಲ್ಲ.

ನಾನು ಆ ಹತ್ತು ನಿಮಿಷವೂ ನಗುತ್ತಲೇ ಇದ್ದೆ, ಸೂರ್ಯಾ. ಮುಖಕ್ಕೆ ಗೊತ್ತಾಗಲಿಲ್ಲ, ಅಷ್ಟೇ.

ನಿನ್ನ
ಮತೀನ